ಮೋಡದ ಅಂಚಿಗೆ ನಿಂತ ಗೆರೆ

ಶಾಮಲಾ ಪರದೆಯ ಮೇಲಿನ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ದೂರದರ್ಶಕದ ಕ್ಯಾಮರಾಕ್ಕೆ ಬಾಹ್ಯಾಕಾಶದ ಕಣಗಳು ಬಡಿದ ಗುರುತುಗಳವು. ಕಂಪ್ಯೂಟರಿಗೇ ಬಿಟ್ಟರೆ ಚುಕ್ಕೆಯ ಜೊತೆ ಬೇಕಾದದ್ದನ್ನೂ ಒರೆಸಿಬಿಡುತ್ತದೆಂದು ಅವಳು ಕೈಯಿಂದಲೇ ತೆಗೆಯುತ್ತಾಳೆ. ದೂರದ ಅನಿಲಮೋಡವೊಂದರ ಬೆಳಕು ಬಣ್ಣಬಣ್ಣವಾಗಿ ಹರಡಿ, ಅದರೊಳಗಿನ ಒಂದೊಂದು ಧಾತುವೂ ತನ್ನ ಗೆರೆಗಳಲ್ಲಿ ನಿಂತಿತ್ತು. ಪಕ್ಕದಲ್ಲಿ, ಊಟದ ಮೇಜಿನ ಮೇಲೇ, ಸೋಸಿಟ್ಟ ಕೊತ್ತಂಬರಿ.

ಫೋನಿನ ಸ್ಪೀಕರಿನಲ್ಲಿ ಜಯಂತ್, ಅವಳ ಸಂಶೋಧನಾ ಗುಂಪಿನ ಮುಖ್ಯಸ್ಥ.

"ಆ ಸಣ್ಣ ಗೆರೆ ಇನ್ನೂ ಇಟ್ಕೊಂಡಿದೀರಲ್ಲ ಶಾಮಲಾ! ಅದು ದೂರದರ್ಶಕ ಇರೋ ಬೆಟ್ಟದ ಕೆಳಗಿನ ಊರಿನ ಬೀದಿದೀಪದ್ದು. ದೀಪದೊಳಗಿನ ಪಾದರಸದ ಗೆರೆ ಅಲ್ಲೇ ಬರತ್ತೆ. ಅಳಿಸಿ."

"ದೀಪದ್ದಾಗಿದ್ರೆ ಮೇಲಿಂದ ಕೆಳಗಿನ ತನಕ ಇರ್ಬೇಕಿತ್ತು ಸರ್, ಅಕ್ಕಪಕ್ಕದ ಖಾಲಿ ಆಕಾಶದಲ್ಲೂ. ಇದು ಮೋಡದ ಅಂಚಿಗೇ ನಿಲ್ಲತ್ತೆ. ಆಮ್ಲಜನಕದ್ದೇ."

ಜಯಂತ್ ನಕ್ಕರು. "ಹತ್ತು ವರ್ಷ ಮನೇಲಿದ್ದು ಬಂದೋರಿಗೆ ಕಂಡಿದ್ದೆಲ್ಲ ಹೊಸದೇ. ಶುಕ್ರವಾರ ಮೀಟಿಂಗಲ್ಲಿ ತೋರಿಸೋದು ನೀವೇ. ಕ್ಲೀನಾಗಿರ್ಲಿ. ನಿಮ್ಮ ಕೆಲಸದ ರಿನ್ಯೂವಲ್ಲೂ ನನ್ನ ಟೇಬಲ್ ಮೇಲೇ ಇದೆ, ಗೊತ್ತಲ್ಲ?"

ಫೋನ್ ಇಟ್ಟರು. ಆ ಗೆರೆ ನಿಜವಾದರೆ ಮೋಡ ಅವರು ಹೇಳಿದ್ದಕ್ಕಿಂತ ಬಿಸಿ. ಬಿಸಿ ಹೆಚ್ಚಿದ್ದರೆ ಅಷ್ಟೇ ಬೆಳಕಿಗೆ ಕಡಿಮೆ ಆಮ್ಲಜನಕ ಸಾಕು; ಹಾಗಾಗಿ ಅದರಲ್ಲಿರುವ ಆಮ್ಲಜನಕ ಅವರು ಊರೂರಲ್ಲಿ ಭಾಷಣ ಮಾಡಿದ್ದರ ಅರ್ಧದಷ್ಟೇ.

ಮನೇಲಿದ್ದು ಬಂದೋರು. ಅವಳೇನು ಬೇಕೆಂದು ಕೂತಿರಲಿಲ್ಲ. ಗಂಡನ ಹಿಂದೆ ಈ ದೇಶಕ್ಕೆ ಬಂದವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಆ ವರ್ಷಗಳಲ್ಲಿ ಬಟ್ಟೆ ಮಡಿಸುತ್ತ, ಮಗಳನ್ನು ಈಜಿಗೆ ಬಿಟ್ಟು ಕಾರಿನಲ್ಲಿ ಕಾಯುತ್ತ, ಈ ಗೆರೆಗಳ ಬಗ್ಗೆಯೇ ಓದಿದ್ದಳು. ಅದು ಯಾರಿಗೂ ಕಂಡಿರಲಿಲ್ಲ.

ಗಂಡ ಕೌಶಿಕ್ ಸೌಟು ಹಿಡಿದೇ ಅಡುಗೆಮನೆಯಿಂದ ಇಣುಕಿದ. "ಅಳಿಸ್ಬಿಡೇ. ಒಂದ್ ಗೆರೆಗೋಸ್ಕರ ಕೆಲಸ ಕಳ್ಕೋತೀಯಾ? ಎಲ್ಲೋ ಇರೋ ಮೋಡ, ಅದೇನು ಬೇಜಾರು ಮಾಡ್ಕೊಳ್ಳತ್ತಾ?"

ಸೋಫಾದಲ್ಲಿದ್ದ ಮಗಳು ವೇದಾ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. "ಅಮ್ಮಾ, ಈಸ್ ಇಟ್ ರಿಯಲ್?"

"ಹೂಂ, ನಿಜವಾದದ್ದೇ."

"ದೆನ್ ವೈ ಈಸ್ ಅಪ್ಪಾ ಟಾಕಿಂಗ್?"

"ನೋಡೇ ನಿನ್ ಮಗಳ್ನ," ಎನ್ನುತ್ತ ಕೌಶಿಕ್ ಒಲೆಯ ಕಡೆ ಹೋದ. ಅಲ್ಲಿಂದಲೇ ಕೂಗಿದ, "ಅಳಿಸಿದ್ಯಾ?"

"ಮುಗೀತಾ ಬಂತು. ಸಾರಿಗೆ ಉಪ್ಪು ನೋಡು."

ಬಾಣದ ಗುರುತು ಗೆರೆಯ ಮೇಲೆ ನಿಂತಿತ್ತು. ಶಾಮಲಾ ಅದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ, ಅಲ್ಲಿದ್ದ ಕೊನೆಯ ಚುಕ್ಕೆಯನ್ನು ಒರೆಸಿದಳು. ಗೆರೆ ಮೊದಲಿಗಿಂತ ಸ್ಪಷ್ಟವಾಯಿತು. ಶುಕ್ರವಾರದ ಸ್ಲೈಡುಗಳನ್ನು ತೆರೆದು, ಮೊದಲ ಪುಟದಲ್ಲಿದ್ದ ಜಯಂತ್ ಅವರ ಹಳೆಯ ನಕ್ಷೆಯನ್ನು ಹಿಂದಕ್ಕೆ ಸರಿಸಿ, ಆ ಜಾಗಕ್ಕೆ ಈ ಚಿತ್ರವನ್ನು ತಂದಳು. ಆಮೇಲೆ ಅದರ ಮೂಲೆ ಹಿಡಿದು ಎಳೆಯುತ್ತ ಹೋದಳು, ಗೆರೆ ಮೋಡದ ಅಂಚಿಗೆ ನಿಲ್ಲುವುದು ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣುವಷ್ಟು.

ಲ್ಯಾಪ್‌ಟಾಪ್ ಮುಚ್ಚಿ, ಕೊತ್ತಂಬರಿ ಹೆಚ್ಚತೊಡಗಿದಳು.