ಕೊನೆಯ ಗುಟುಕಿನ ಗೆರೆ

ಕಪ್ ಫಳಫಳ ಹೊಳೆಯುತ್ತಿತ್ತು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಆಗತಾನೇ ಅಂಗಡಿಯಿಂದ ಬಂದ ಹಾಗೆ ಬೋರಲಾಗಿ ಕೂತಿತ್ತು. ಅದನ್ನು ಕಂಡದ್ದೇ ಸೊಸೆ ಓಡಿಬಂದು ಕೈಗೆತ್ತಿಕೊಂಡಳು.

"ಅತ್ತೇ, ಈ ಕಪ್ ತೊಳೆದ್ರಾ?"

"ತೊಳೆಯೋದೇನು, ಯುದ್ಧ ಮಾಡಿದೆ ಅನ್ನು." ಅತ್ತೆ ಟವೆಲ್ಲಿಗೆ ಕೈ ಒರೆಸಿಕೊಂಡರು. "ಥೂ, ಯಾವ ಕಾಲದ ಕೊಳೆನೋ ಏನೋ! ಮೆಟ್ಟಿಲ ಕೆಳಗೆ ಪರದೆ ಹಿಂದೆ ಬಿದ್ದಿತ್ತು. ಉಪ್ಪು ಹಾಕಿ, ನಿಂಬೆ ಹೋಳಲ್ಲಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಯ್ತು. ಈಗ ನೋಡು, ಮುಖ ನೋಡ್ಕೋಬಹುದು."

ಸೊಸೆ ಅಲ್ಲೇ ಸ್ಟೂಲಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಳು. ಆ ಕೊಳೆಯನ್ನು ಕೂರಿಸಲು ಅವಳಿಗೆ ಒಂದು ವಾರ ಹಿಡಿದಿತ್ತು.

ಅವಳು ಕೆಲಸ ಮಾಡುತ್ತಿದ್ದುದು ನಾಟಕ ತಂಡವೊಂದರಲ್ಲಿ. ರಂಗದ ಮೇಲೆ ಬರುವ ಸಾಮಾನುಗಳನ್ನೆಲ್ಲ ಮಾಡಿಕೊಡುತ್ತಿದ್ದ ಹಿರಿಯರು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಇವಳು ಆಸೆಗಣ್ಣು ಬಿಟ್ಟುಕೊಂಡು ಕಾಯುತ್ತಿದ್ದಳು. ಹೊಸ ನಾಟಕದಲ್ಲಿ ಒಂದು ದೃಶ್ಯವಿತ್ತು. ತೀರಿಹೋದ ಅಪ್ಪನ ಕೋಣೆಗೆ ಮಗಳು ಬರುತ್ತಾಳೆ, ಅಪ್ಪನ ಖಾಲಿ ಕಪ್ಪನ್ನು ಎತ್ತಿಕೊಂಡು ಒಳಗೆ ನೋಡುತ್ತಾಳೆ. ಅಷ್ಟೇ, ಒಂದು ಮಾತೂ ಇಲ್ಲ. ಮಗಳ ಪಾತ್ರದ ನಟಿ ಕೊಟ್ಟ ಕಪ್ಪನ್ನೆಲ್ಲ ವಾಪಸು ಕಳಿಸಿದ್ದಳು. "ಇದ್ರೊಳಗೆ ನೋಡಿದ್ರೆ ಅಂಗಡಿ ಕಾಣಿಸತ್ತೆ ಕಣ್ರೀ, ಅಪ್ಪ ಕಾಣಲ್ಲ," ಅನ್ನುವುದು ಅವಳ ತಕರಾರು.

ನಿರ್ದೇಶಕರು ಸೊಸೆಯನ್ನು ಕರೆದು ಹೇಳಿದ್ದರು: "ಈ ಕಪ್ ಒಂದು ಸರಿಮಾಡು, ಸಾಮಾನಿನ ಕೋಣೆ ಬೀಗದಕೈ ನಿಂದು. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ."

ಮನೆಯಿಂದ ಒಂದು ಹಳೆಯ ಕಪ್ ಒಯ್ಯೋಣವೆಂದರೆ ಅತ್ತೆಯ ರಾಜ್ಯದಲ್ಲಿ ಕಲೆ ಅನ್ನುವ ವಸ್ತುವೇ ಇರಲಿಲ್ಲ. "ನಾನು ಒಂದೇ ಕಡೆ ಜಾಸ್ತಿ ಹೊತ್ತು ಕೂತ್ರೆ ನನ್ನನ್ನೂ ತಿಕ್ಕಿ ಬೋರಲು ಹಾಕ್ತಾಳೆ," ಎಂದು ಮಾವ ನಗೆಯಾಡುತ್ತಿದ್ದರು. ಕೊನೆಗೆ ಸೊಸೆ, ಹೊಳಪಿನ ಪದರದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದ ಹೊಸ ಕಪ್ಪೊಂದನ್ನು ಹುಡುಕಿ ತಂದು, ದಿನವೂ ಕಡು ಟೀಯಲ್ಲಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಕದ್ದುಮುಚ್ಚಿ ಮುದಿಮಾಡಿದ್ದಳು. ಮೊದಲ ಪ್ರದರ್ಶನ ಇವತ್ತು ಸಂಜೆಯೇ.

ಇದನ್ನೆಲ್ಲ ಅಳುತ್ತಲೇ ಹೇಳಿ ಮುಗಿಸುವ ಹೊತ್ತಿಗೆ ಅತ್ತೆಯ ಮುಖ ಸಣ್ಣದಾಗಿತ್ತು.

"ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ! ಕಲೆ ಬೇಕಿತ್ತಾ ನಿಂಗೆ? ಬೇಕು ಬೇಕೂಂತ ಕಲೆನಾ?" ಅವರು ಕಪ್ಪನ್ನೂ ಸೊಸೆಯನ್ನೂ ನೋಡಿದರು. ಆಮೇಲೆ ತೋಳೇರಿಸಿದರು. "ಏಳು, ಮುಖ ತೊಳ್ಕೋ. ಜೀವಮಾನವೆಲ್ಲ ಕಲೆ ಜೊತೆ ಗುದ್ದಾಡಿದೋಳು ಮನೇಲೇ ಇದೀನಿ. ಯಾವುದು ಬಿಡತ್ತೆ, ಯಾವುದು ಜಪ್ಪಯ್ಯ ಅಂದ್ರೂ ಬಿಡಲ್ಲ ಅಂತ ನನ್ನನ್ನ ಕೇಳೋದು ಬಿಟ್ಟು ಕಳ್ಳಿ ಹಾಗೆ ಮೆಟ್ಟಿಲ ಕೆಳಗೆ ಕೂತಿದ್ಯಲ್ಲೇ!"

ಒಂದು ಒಲೆಯ ಮೇಲೆ ಟೀ ಸೊಪ್ಪು ಕುದಿಯಿತು. ಇನ್ನೊಂದರ ಮೇಲೆ ದಾಳಿಂಬೆ ಸಿಪ್ಪೆ, ಜೊತೆಗೆ ಮಾವನ ಉಪಕರಣದ ಡಬ್ಬಿಯಿಂದ ಎತ್ತಿದ ತುಕ್ಕು ಮೊಳೆ. ಅದರ ನೀರು ಮಸಿಯಷ್ಟು ಕಪ್ಪಗೆ ಇಳಿಯಿತು. ಕಪ್ಪನ್ನು ಬಿಸಿನೀರಲ್ಲಿ ಕಾಯಿಸಿ ಟೀಯಲ್ಲಿ ಅದ್ದಿದಾಗ ಬಿರುಕುಗಳೆಲ್ಲ ಒಂದೊಂದಾಗಿ ಕಂದು ಗೆರೆಗಳಾಗಿ ಮೇಲೆದ್ದವು. "ನಿಂಬೆಲಿ ತಿಕ್ಕಿದ್ದು ಒಳ್ಳೇದೇ ಆಯ್ತು, ಈಗ ಬೇಗ ಹಿಡಿಯತ್ತೆ," ಎಂದು ಅತ್ತೆ ತಮ್ಮ ತಪ್ಪಿಗೆ ತಾವೇ ಶಹಭಾಸ್ ಹೇಳಿಕೊಂಡರು.

ಸೊಸೆ ಒಳಗೆಲ್ಲ ಸಮನಾಗಿ ಬಳಿಯಲು ಹೋದಳು. ಅತ್ತೆ ಅವಳ ಕೈ ಹಿಡಿದರು.

"ಹಾಗಲ್ಲ. ನೀನು ಮೊದಲು ಮಾಡಿದ್ದೂ ಹೀಗೇ, ಸುತ್ತ ಒಂದೇ ಸಮ. ಅದು ಕಲೆ ಅಲ್ಲ, ಬಣ್ಣ. ಯಾರು ಹಾಗೆ ಕುಡೀತಾರೆ? ನಿಮ್ಮ ಮಾವನ್ನೇ ನೋಡು. ಎಡಗೈಲಿ ಹಿಡೀತಾರೆ, ತುಟಿ ಇಡೋದು ಇಲ್ಲಿ, ಹಿಡಿಯ ಪಕ್ಕದಲ್ಲಿ. ಕೊನೆ ಗುಟುಕು ಮಾತ್ರ ಕುಡಿಯೋದೇ ಇಲ್ಲ, ಪೇಪರ್ ಓದ್ತಾ ಮರೆತೇಬಿಡ್ತಾರೆ. ಅದು ಅಲ್ಲೇ ಒಣಗಿ, ಇಗೋ ಇಷ್ಟು ಎತ್ತರಕ್ಕೆ ಒಂದು ಗೆರೆ ಬೀಳತ್ತೆ. ಕುಡಿಯೋವಾಗ ಓಲಾಡಿಸ್ತಾರಲ್ಲ, ಅದಕ್ಕೇ ಗೆರೆ ಒಂದು ಕಡೆ ಸ್ವಲ್ಪ ಮೇಲೆ. ದಿನಾ ತಿಕ್ಕೋಳಿಗೆ ಗೊತ್ತಾಗಲ್ವಾ?"

ಹೇಳುತ್ತ ಹೇಳುತ್ತ ಅವರೇ ಹತ್ತಿಯ ಬತ್ತಿಯನ್ನು ದಾಳಿಂಬೆ ನೀರಿಗೆ ಅದ್ದಿ ಹಿಡಿಯ ಪಕ್ಕ ತುಟಿಯ ಗುರುತು ಮೂಡಿಸಿ, ಆ ಗೆರೆಯನ್ನೂ ಎಳೆದರು. ಕೈ ಒಂದಿಷ್ಟೂ ತಡವರಿಸಲಿಲ್ಲ. ಸೊಸೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಸಂಜೆ ಅತ್ತೆ ಮಾವ ಮುಂದಿನ ಸಾಲಿನಲ್ಲೇ ಕೂತಿದ್ದರು. ಸೊಸೆ ಪಕ್ಕದ ಪರದೆಯ ಮರೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ನಟಿ ಬಂದಳು, ಕಪ್ ಎತ್ತಿದಳು, ದೀಪದ ಕಡೆಗೆ ವಾಲಿಸಿ ಒಳಗೆ ನೋಡಿದಳು. ಯಾರೂ ಹೇಳಿಕೊಡದೆಯೇ ಅವಳ ಹೆಬ್ಬೆರಳು ಹಿಡಿಯ ಪಕ್ಕದ ತುಟಿಯ ಗುರುತನ್ನು ಹುಡುಕಿಕೊಂಡು ಹೋಯಿತು. ಅಲ್ಲೇ ಒಂದು ಸಲ ಸವರಿದಳು. ಮೆಲ್ಲಗೆ ಕುರ್ಚಿಯಲ್ಲಿ ಕುಸಿದಳು. ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಕೇಳಿದ್ದು ಮಾವನ ಪಿಸುಮಾತು ಒಂದೇ. ಅವರ ಪಿಸುಮಾತೋ, ಹಿಂದಿನ ಸಾಲಿಗೂ ಮುಟ್ಟುವಂಥದ್ದು. "ಪಾಪ, ಆ ಮನೇಲಿ ಕಪ್ ತೊಳೆಯೋರೇ ಇರ್ಲಿಲ್ಲ ಅನ್ಸತ್ತೆ ಕಣೇ."

"ಸ್ವಲ್ಪ ಸುಮ್ನಿರ್ತೀರಾ?" ಅಂದರು ಅತ್ತೆ. ಅವರ ಒಂದು ಕೈ ಕಣ್ಣು ಒರೆಸುತ್ತಿತ್ತು, ಇನ್ನೊಂದು ಮಾವನ ಮೊಳಕೈಯನ್ನು ಬಿಗಿಯಾಗಿ ಹಿಡಿದಿತ್ತು.

ನಾಟಕ ಮುಗಿದ ಮೇಲೆ ನಿರ್ದೇಶಕರು ಬೀಗದಕೈಯನ್ನು ಸೊಸೆಯ ಅಂಗೈಗೆ ಹಾಕಿ ಮಡಚಿದರು. ಅವಳಿಗೆ ಕುಣಿಯಬೇಕೆನಿಸಿತು, ಕುಣಿದೇಬಿಟ್ಟಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬೀಗದಕೈಯನ್ನು ಹುಡುಕುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಮಾವ ಪೇಪರ್ ಓದುತ್ತ ಎಂದಿನಂತೆ ಕೊನೆಯ ಗುಟುಕನ್ನು ಬಿಟ್ಟು ಎದ್ದುಹೋಗಿದ್ದರು. ಅತ್ತೆ ನಲ್ಲಿಯ ಮುಂದೆ ನಿಂತಿದ್ದರು, ಒಂದು ಕೈಯಲ್ಲಿ ಮಾವನ ಕಪ್, ಇನ್ನೊಂದರಲ್ಲಿ ಉಪ್ಪು ಹಚ್ಚಿದ ನಿಂಬೆ ಹೋಳು. ಕಪ್ಪನ್ನು ಕಿಟಕಿಯ ಬೆಳಕಿಗೆ ವಾಲಿಸಿ ಒಳಗೆ ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಸವರಿದರು.

ಆಮೇಲೆ ಗೆರೆಯನ್ನು ತಿಕ್ಕದೆ, ಬರೀ ನೀರಲ್ಲಿ ಒಂದು ಸಲ ಗಲಬರಿಸಿ, ಕಟ್ಟೆಯ ಮೇಲೆ ಬೋರಲು ಹಾಕಿದರು. ನಿಂಬೆ ಹೋಳು ಅದರ ಪಕ್ಕದಲ್ಲಿ, ಹಾಗೆಯೇ.