ಪುಸ್ತಕದಲ್ಲಿಲ್ಲದ ಮಗಳು

"ಸ್ವಲ್ಪ ಮ್ಯಾಲೆತ್ರಿ, ಅವ್ವನ ಕುತ್ತಿಗಿ ವಾಲಾಕತ್ತೈತಿ," ಎನ್ನುತ್ತ ಜಂಬುನಾಥ ತಾಯಿಯ ಬೆನ್ನಿಗೆ ಇನ್ನೊಂದು ದಿಂಬು ಒತ್ತಿದ. ಬಳ್ಳಾರಿಯ ಆಸ್ಪತ್ರೆಯಿಂದ ಬೆಳಿಗ್ಗೆ ತಂದ ಚನ್ನವೀರಮ್ಮನನ್ನು ಕುರುಗೋಡಿನ ಮನೆಯ ಪಡಸಾಲೆಯಲ್ಲಿ ಗೋಡೆಗಾನಿಸಿ ಕೂರಿಸಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮಣ್ಣಿಗೆ ಇಳಿಯುವವರೆಗೂ, ಇಳಿದ ಮೇಲೂ ಕೂತೇ ಇರಬೇಕು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ. ಗಲ್ಲಕ್ಕೆ ಬಿಗಿದ ಬಿಳಿ ಬಟ್ಟೆ ಇಲ್ಲದಿದ್ದರೆ ಮುದುಕಿ ಕತೆ ಕೇಳಲು ಕೂತಿದ್ದಾಳೆ ಎನ್ನಬೇಕು.

ಪಕ್ಕದ ಮನೆಯ ಫಕೀರಬಿಗಂತೂ ಹಾಗೆಯೇ ಕಂಡಿತು. ಅವಳ ಸೆರಗಿನೊಳಗೆ ಅವಳೂ ಚನ್ನವೀರಮ್ಮನೂ ಕೂಡಿ ಮುಗಿಸದೆ ಬಿಟ್ಟ ಕಾದಂಬರಿ ಇತ್ತು.

"ಗಂಗೋತ್ರಿಗೆ ಫೋನ್ ಮಾಡೀನಿ," ಎಂದಳು. "ಸಿರುಗುಪ್ಪದಾಗ ಬಸ್ ಹತ್ಯಾಳ."

ಜಂಬುನಾಥನ ಮುಖ ಬಿಗಿಯಿತು. "ಬರ್ಲಿ. ಹೊರಗ ನಿಂತು ನೋಡ್ಲಿ. ಹೊಸ್ತಿಲು ದಾಟಿದ್ರ ನಾ ಮಣ್ಣಿಗೆ ಬರಂಗಿಲ್ಲ ಅತ್ತಿ. ಅಪ್ಪಗ ಮಾತು ಕೊಟ್ಟೀನಿ."

ತಂಗಿ ಬೇರೆ ಜಾತಿಯ ಶೇಖರನನ್ನು ಮದುವೆಯಾಗಿ ಹೋದಂದಿನಿಂದ ಈ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ಅಪ್ಪ ಸತ್ತರೂ ಅಪ್ಪನ ಹಟ ಸಾಯಲಿಲ್ಲ. ಅದು ಮಗನ ಮೂಗಿನ ತುದಿಗೆ ಬಂದು ಕೂತಿತ್ತು.

*

ಗಂಡ ಖಲಂದರ್ ತೀರಿಕೊಂಡ ವರ್ಷ ಫಕೀರಬಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಒಂದು ಮಧ್ಯಾಹ್ನ ಚನ್ನವೀರಮ್ಮ ಮೆಣಸಿನಕಾಯಿ ಚೀಲ ಎಳೆದುಕೊಂಡು ಬಂದು ಅವಳ ಕಟ್ಟೆಯ ಮೇಲೆ ಸುರಿದಳು.

"ನಂಗ ಅಕ್ಷರ ಬರಂಗಿಲ್ಲ, ನಿಂಗ ಹೊತ್ತು ಹೋಗಂಗಿಲ್ಲ. ನಾ ತೊಟ್ಟು ಮುರೀತೀನಿ, ನೀ ಏನರ ಓದು."

ಫಕೀರಬಿ ಬದುಕಿಗೆ ಮರಳಿದ್ದು ಹಾಗೆ. ಗ್ರಂಥಾಲಯದಿಂದ ಪುಸ್ತಕ ತರುವ ಕೆಲಸ ಜಂಬುನಾಥನದು. ಓದುತ್ತ ಅಳು ಬಂದರೆ ಇಬ್ಬರೂ ಮೆಣಸಿನಕಾಯಿ ಘಾಟಿನ ಮೇಲೆ ಹಾಕುತ್ತಿದ್ದರು.

ಗಂಗೋತ್ರಿ ಹೋದ ಮೇಲೆ ಓದಿದ ಒಂದು ಕಾದಂಬರಿಯಲ್ಲಿ ಮನೆ ಬಿಟ್ಟ ಮಗಳು ಮರಳಲೇ ಇಲ್ಲ. ಚನ್ನವೀರಮ್ಮನ ಕೈ ಮೆಣಸಿನಕಾಯಿಯ ನಡುವೆ ನಿಂತುಬಿಟ್ಟಿತು. ಫಕೀರಬಿ ಅದನ್ನು ನೋಡಿದಳು. ಪುಟ ತಿರುವಿ, ಅಲ್ಲಿಲ್ಲದ್ದನ್ನು ಓದಿದಳು: ಮಗಳು ಬಂದಳು. ಕೈ ಮತ್ತೆ ಆಡಿತು. ಅಂದಿನಿಂದ ಯಾವ ಕಾದಂಬರಿಯ ಮಗಳೂ ದೂರ ಉಳಿಯಲಿಲ್ಲ. ಬರೆದವರು ಸಾಯಿಸಿದ್ದ ಹೆಣ್ಣುಮಕ್ಕಳನ್ನೂ ಎಬ್ಬಿಸಿ ಫಕೀರಬಿ ತವರಿಗೆ ಕರೆತಂದಳು.

*

ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಾಗ ಭಜನೆಯ ಹಿರಿಯ ಮರಿಬಸಪ್ಪ ತಾಳ ಕೆಳಗಿಟ್ಟ.

"ಅಣ್ಣ, ಕಡೀ ಅಧ್ಯಾಯ ಉಳದೈತಿ. ಅಕ್ಕಗ ಓದ್ಲಾ?" ಫಕೀರಬಿ ಕೇಳಿದಳು.

"ಮಂದಿ ಚಾ ಕುಡೀಲಿ. ಅಲ್ಲೀತನ ಓದವ್ವ. ಆಕಿನೂ ಕುಂತಾಳಲ್ಲ."

ರೂಢಿಯಂತೆ ಚನ್ನವೀರಮ್ಮನ ಬಲಗಡೆ ಕೂತು ಅವಳು ಓದತೊಡಗಿದಳು. ಊದುಬತ್ತಿಯ ಹೊಗೆ ಬಿಸಿಲಲ್ಲಿ ಮೆಲ್ಲಗೆ ಮೇಲೇರುತ್ತಿತ್ತು. ಪಡಸಾಲೆ ಹೋಗಿ ಹಳೆಯ ಕಟ್ಟೆ ಬಂದಂತಾಯಿತು. ಈಗ ಅಕ್ಕ 'ಹೂಂ' ಎಂದರೂ ಯಾರೂ ಬೆಚ್ಚುತ್ತಿರಲಿಲ್ಲ. ಪುಸ್ತಕದ ತಾಯಿ ದೀಪ ಹಚ್ಚಿಟ್ಟು ಕಾಯುತ್ತಿದ್ದಳು. ಫಕೀರಬಿ ತಲೆಯೆತ್ತಿದಾಗ ಹೊಸ್ತಿಲಾಚೆ ಗಂಗೋತ್ರಿ ನಿಂತಿದ್ದಳು. ಚಪ್ಪಲಿ ಬಿಟ್ಟಿದ್ದಳು, ಕಾಲು ಮುಂದೆ ಬಂದಿರಲಿಲ್ಲ.

ಪುಟದಲ್ಲಿ ತಾಯಿ ಒಬ್ಬಳೇ ಸಾಯುತ್ತಿದ್ದಳು. ಫಕೀರಬಿ ಓದಿದಳು: "ಮಗಳು ಬಾಗಿಲಲ್ಲಿ ನಿಂತಿದ್ದಳು. ಒಳಗಿದ್ದ ಅಣ್ಣ ಅವಳನ್ನು ನೋಡಿದ."

ಮತ್ತೆ ಅದನ್ನೇ ಓದಿದಳು. "ಅಣ್ಣ ಅವಳನ್ನು ನೋಡಿದ."

ಚಹಾದ ಲೋಟಗಳ ಸದ್ದು ನಿಂತಿತು. ಎಲ್ಲರೂ ಜಂಬುನಾಥನನ್ನು ನೋಡಿದರು.

"ಅತ್ತಿ," ಎಂದ ಅವನು, ನೆಲ ನೋಡುತ್ತ. "ನಿಮಗ ತಂದು ಕೊಡೂಕಿಂತ ಮದ್ಲು ಎಲ್ಲಾ ಪುಸ್ತಕ ನಾ ಓದ್ತಿದ್ದೆ. ಇದನ್ನೂ ಓದೀನಿ. ಇದ್ರಾಗ ಅಣ್ಣ ಇಲ್ಲ."

ಫಕೀರಬಿ ಪುಸ್ತಕವನ್ನು ಮಡಿಲಿಗಿಳಿಸಿದಳು. ಹಾಗಾದರೆ ಇಷ್ಟು ವರ್ಷ ಅವನು ಗೋಡೆಯಾಚೆ ಕೂತು ಅವಳ ಸುಳ್ಳುಗಳನ್ನೆಲ್ಲ ಕೇಳಿದ್ದ. ತಾಯಿಗೆ ಒಂದು ಸಲವೂ ಹೇಳಿರಲಿಲ್ಲ.

ಜಂಬುನಾಥ ಕಣ್ಣೊರೆಸಿಕೊಂಡ. "ಸ್ವಲ್ಪ ಸರೀರಿ ಅತ್ತಿ," ಎಂದು, ಬಾಗಿಲ ಕಡೆ ತಿರುಗಿದ. "ಬಲಗಡಿ ಬಂದು ಕುಂದ್ರು. ಅವ್ವಗ ಎಡಗಿವಿ ಮಂದ ಆಗಿತ್ತು."

ಗಂಗೋತ್ರಿ ಒಳಗೆ ಬಂದು ತಾಯಿಯ ತೋಳಿಗೆ ತೋಳು ತಾಗಿಸಿ ಕೂತಳು. ಫಕೀರಬಿ ಓದಲು ನೋಡಿದಳು; ಅಳು ಬಂತು, ಇವತ್ತು ಘಾಟಿನ ಮೇಲೆ ಹಾಕಲು ಮೆಣಸಿನಕಾಯಿಯೂ ಇರಲಿಲ್ಲ. ಗಂಗೋತ್ರಿ ಪುಸ್ತಕ ತೆಗೆದುಕೊಂಡು ಕಡೆಯ ಪುಟವನ್ನು ಸುಮ್ಮನೆ ನೋಡಿದಳು. ಅದನ್ನು ಮಗುಚಿದಳು. ಅದರಾಚೆಯ ಹಾಳೆ ಖಾಲಿಯಿತ್ತು. ಅದರ ಮೇಲೆ ಬೆರಳಿಟ್ಟು, ತಾಯಿಯ ಬಲಗಿವಿಯ ಹತ್ತಿರ ಬಾಗಿ, ಸಾಲು ಸಾಲಾಗಿ ಓದತೊಡಗಿದಳು.