ಮೊದಲ ಟ್ರಿಪ್ಪು

ಹರಪನಹಳ್ಳಿಯ ಯೂಸುಫ್ ಸಾಬರ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು: ಬ್ರೇಕು ರಿಪೇರಿ ಮಾಡಿದವನೇ ಆ ಗಾಡಿಯ ಮೊದಲ ಟ್ರಿಪ್ಪಿನಲ್ಲಿ ಕೂತು ಹೋಗಬೇಕು. ಜೀವದ ಮೇಲಿನ ಆಸೆಗಿಂತ ದೊಡ್ಡ ಇನ್‌ಸ್ಪೆಕ್ಟರ್ ಯಾರಿದ್ದಾರೆ, ಹೇಳಿ. ಮೆಟಡಾರ್‌ ವ್ಯಾನುಗಳು ಹೊಸದಾಗಿ ಬಂದ ಕಾಲ. ಒಂದು ಸಂತೆಯ ದಿನ ಕೆಲಸ ರಾಶಿ ಬಿದ್ದಿದೆಯೆಂದು ಸಾಬರು ತಮ್ಮನಾದ ಜಿಲಾನಿಯನ್ನು ಮೊದಲ ಟ್ರಿಪ್ಪಿಗೆ ಹೋಗಗೊಡಲಿಲ್ಲ. ಅವನು ಬ್ರೇಕು ರಿಪೇರಿ ಮಾಡಿದ್ದ ಮೆಟಡಾರ್ ತೆಲಿಗಿ ರಸ್ತೆಯ ಇಳಿಜಾರಿನಲ್ಲಿ ನಿಲ್ಲದೆ, ದಾರಿಗುಂಟ ಹೊರಟಿದ್ದ ಎರ್ರೆಮ್ಮ ಎಂಬ ಹೆಂಗಸಿನ ಮೇಲೆ ಹಾಯ್ದಿತು. ಆಕೆ ಅಲ್ಲೇ ಸತ್ತಳು. ಡ್ರೈವರ್ ಮಂಜಣ್ಣನನ್ನು ಪೊಲೀಸರು ಒಯ್ದರು.

ಜಿಲಾನಿ ಅನ್ನ ಬಿಟ್ಟ, ನಿದ್ದೆ ಬಿಟ್ಟ. "ನಟ್ಟು ಬಿಗಿ ಮಾಡಿರಲಿಲ್ಲ ಭಾಯಿ. ಠಾಣೇಕ ಹೋಗಿ ಹೇಳಿಬಿಡ್ತೀನಿ" ಎಂದು ಅದೊಂದೇ ಮಾತು. ಸಾಬರು ಲೆಕ್ಕ ಹಾಕಿದರು: ಇವನು ಹೇಳಿದರೆ ತಮ್ಮನಿಗೆ ಜೈಲು, ಗ್ಯಾರೇಜಿಗೆ ಬೀಗ. ಅದಕ್ಕಿಂತ ಹೆಚ್ಚಾಗಿ, ಅವನನ್ನು ತಡೆದವರು ತಾವೇ ಎಂಬುದು ಹೊರಬೀಳುವ ಭಯ. ತಮ್ಮನ ತಲೆ ಕೆಟ್ಟಿದೆ ಅಂದುಬಿಟ್ಟರೆ ಎಲ್ಲವೂ ಸಲೀಸು. ಅಂದುಬಿಟ್ಟರು.

ಕೊಟ್ಟೂರಿನ ಡಾಕ್ಟರು ಜಿಲಾನಿಯ ಮಾತೆಲ್ಲ ಕೇಳಿ, ಸಾಬರನ್ನು ಹೊರಗೆ ಕರೆದರು.

"ಈತ ಹೇಳೋದು ಖರೇನೇನು ಸಾಬ್ರೇ? ಖರೇ ಇದ್ರ ಇದು ರೋಗ ಅಲ್ಲ. ಮನುಷ್ಯಾ ಆದವನಿಗೆ ಆಗಬೇಕಾದ್ದೇ ಆಗೇತಿ."

"ಎಲ್ಲಾ ಭ್ರಮಿ ರೀ" ಎಂದರು ಸಾಬರು, ನೆಲ ನೋಡುತ್ತ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಜಿಲಾನಿ ಉಂಡ, ಮಲಗಿದ, ಗ್ಯಾರೇಜಿಗೂ ಬಂದ. ಎರ್ರೆಮ್ಮನ ಹೆಸರು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಸಾಬರಿಗೆ ಹೋದ ಜೀವ ಬಂದಂತಾಯಿತು.

ಒಂದು ಬೆಳಿಗ್ಗೆ ನೀಲಗುಂದದ ಬಸ್ಸು ಬ್ರೇಕು ಕೆಟ್ಟು ಗ್ಯಾರೇಜಿನ ಮುಂದೆ ನಿಂತಿತು. ಜನ ಇಳಿಯದೆ ಕೂತೇ ಇದ್ದರು, ಕಿಟಕಿಗಳ ತುಂಬ ಮಕ್ಕಳು. ಜಿಲಾನಿ ಬಸ್ಸಿನಡಿಯಿಂದ ಕೈಯೊರೆಸುತ್ತ ಎದ್ದುಬಂದ.

"ಬ್ರೇಕು ಹಿಡೀತೈತೇನಲೇ?" ಎಂದರು ಸಾಬರು.

"ಹಿಡಿದ್ರ ಹಿಡೀತೈತಿ ಭಾಯಿ."

"ಮೊದಲ ಟ್ರಿಪ್ಪು ನೀ ಹೋಗ್ತೀಯೇನು?"

"ಹೋಗು ಅಂದ್ರ ಹೋಗ್ತೀನಿ. ಬ್ಯಾಡಂದ್ರ ಇಲ್ಲೇ ಇರ್ತೀನಿ."

ಅವನ ಕಣ್ಣಲ್ಲಿ ಅಂಜಿಕೆಯ ಸುಳಿವೇ ಇರಲಿಲ್ಲ. ಅಪ್ಪನ ಕಟ್ಟಳೆ ನಿಂತದ್ದೇ ಅಂಜಿಕೆಯ ಮೇಲೆ. ಅದನ್ನೇ ತಾವು ಗುಳಿಗೆ ನುಂಗಿಸಿ ಕಳೆದಿದ್ದರು. ಅಷ್ಟರಲ್ಲಿ ಬಸ್ಸು ಗುರುಗುಟ್ಟಿತು. ಸಾಬರು ಓಡಿಹೋಗಿ ಅಡ್ಡ ನಿಂತರು.

"ಬಸ್ಸು ಹೋಗಂಗಿಲ್ಲ. ಎಲ್ಲಾರೂ ಇಳೀರಿ. ಆ ಮೆಟಡಾರಿಂದು ನಮ್ಮದೇ ತಪ್ಪು, ಮಂಜಣ್ಣಂದಲ್ಲ. ಇವನ್ನ ತಡದಾಂವ ನಾನೇ."

ಕಂಡಕ್ಟರ್ ಕೊಟ್ರಬಸಪ್ಪ ಜನರ ಕಡೆ ತಿರುಗಿದ. "ಪಾಪ, ಇವ್ರಿಗೂ ತಲಿ ಕೆಟ್ಟೈತಿ" ಎಂದು, ಇಬ್ಬರು ಪ್ರಯಾಣಿಕರನ್ನು ಕೆಳಗಿಳಿಸಿಕೊಂಡು ಸಾಬರನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ. ಬಸ್ಸು ಹೊರಟಿತು.

ಜಿಲಾನಿ ಬಂದು ಅಣ್ಣನ ಕೈ ಹಿಡಿದ. ಜೇಬಿನಿಂದ ಒಂದು ಗುಳಿಗೆ ತೆಗೆದು ಅಂಗೈಯಲ್ಲಿಟ್ಟ.

"ತಗೋ ಭಾಯಿ" ಎಂದ. "ಅಂಜಿಕಿ ಹೋಗತೈತಿ."